ಕಾರ್ ಸ್ಟ್ರೀಟ್ ತಿರುವಿನಲ್ಲಿ ಕೆನೆ ಬಣ್ಣದ ಪದ್ಮಿನಿ: ಯಾರದು ಅಂತ ಗೊತ್ತಾ?

ಕೌಲ್‌ಬಜಾರಿನವ (ಭಾನುವಾರ, ಬೆಳಗ್ಗೆ 8:50)
ಬೆಳಗ್ಗೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರೋಣ ಅಂತ ನಮ್ಮ ಬಳ್ಳಾರಿಯ ಕಾರ್ ಸ್ಟ್ರೀಟ್ ಕಡೆ ಹೋಗಿದ್ದೆ. ತಿರುವಿನಲ್ಲಿ ಬೇವಿನ ಮರದ ಕೆಳಗೆ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕಾರು ನಿಂತಿತ್ತು. ಕೆನೆ ಬಣ್ಣ. ಬಂಪರ್ ಎಷ್ಟು ಹೊಳೆಯುತ್ತಿತ್ತು ಅಂದರೆ ಎದುರಿನ ಅಂಗಡಿಯ ಬಾಣಲೆ ಅದರಲ್ಲಿ ಕಾಣಿಸುತ್ತಿತ್ತು. ವೀಲ್ ಕಪ್ ನಾಲ್ಕೂ ಇದ್ದವು. ನಾಲ್ಕೂ! ನಮ್ಮ ಮನೆ ಕಾರಿಗೆ ನಾನು ಹುಟ್ಟಿದಾಗಿನಿಂದ ಮೂರೇ ಇದ್ದದ್ದು.

ನಮ್ಮಪ್ಪ 1986ರಲ್ಲಿ ಸೆಕೆಂಡ್ ಹ್ಯಾಂಡ್ ಪದ್ಮಿನಿ ತಗೊಂಡಿದ್ದರು. 79ರ ಮಾಡೆಲ್, ಇದೇ ಬಣ್ಣ. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಸೀಟು ಉದ್ದಕ್ಕೆ ಒಂದೇ, ಬೆಂಚಿನ ಹಾಗೆ. ಅಪ್ಪ ಅಮ್ಮನ ನಡುವೆ ನನ್ನ ಜಾಗ. ಮೇ ತಿಂಗಳಲ್ಲಿ ಚಡ್ಡಿ ಹಾಕಿಕೊಂಡು ಆ ರೆಕ್ಸಿನ್ ಮೇಲೆ ಕೂತವರಿಗೆ ಗೊತ್ತು, ತೊಡೆ ಅಂಟಿಕೊಂಡು ಏಳುವಾಗ ಚರ್ ಅಂತ ಬಿಡುತ್ತಿತ್ತು. ಅಮ್ಮ ಟವೆಲ್ ಹಾಸುತ್ತಿದ್ದರು. ಬಾಗಿಲ ಮುಂದಿನ ತ್ರಿಕೋನದ ಚಿಕ್ಕ ಗಾಜು ತಿರುಗಿಸಿದರೆ ಗಾಳಿ ನೇರ ನನ್ನ ಮುಖಕ್ಕೆ. 1999ರಲ್ಲಿ ಮಾರಿದರು. ಅವತ್ತು ನಾನು ಊಟ ಬಿಟ್ಟಿದ್ದೆ.

ಇವತ್ತು ಸುಮಾರು ಹತ್ತು ನಿಮಿಷ ಕಾದೆ, ಯಾರೂ ಬರಲಿಲ್ಲ. ಮಿರ್ಚಿ ತಣ್ಣಗಾಯಿತು ಅಂತ ಮನೆಯಲ್ಲಿ ಬೈಸಿಕೊಂಡೆ. ಯಾರದು ಈ ಕಾರು? ಈ ಬಿಸಿಲಲ್ಲಿ, ಈ ಕೆಂಪು ಧೂಳಲ್ಲಿ ಹೀಗೆ ಹೇಗೆ ಇಟ್ಟುಕೊಂಡಿದ್ದಾರೆ?

ಮೋಕಾ ರೋಡ್
ನಾನೂ ನೋಡಿದೀನಿ. ಹೋದ ತಿಂಗಳು ಗಾಂಧಿನಗರದಲ್ಲಿ. ಮದುವೆಗೆ ಬಾಡಿಗೆ ತಂದಿದ್ದಾರೆ ಅಂದುಕೊಂಡೆ, ಆದ್ರೆ ಹೂವು ಗೀವು ಏನೂ ಇರಲಿಲ್ಲ.

ಬಿಸಿಲು ನಾಡು
ಫೋಟೋ ಎಲ್ಲಣ್ಣ? ಫೋಟೋ ಇಲ್ಲದೆ ಪೋಸ್ಟ್ ಹಾಕಿದ್ರೆ ಹೊಟ್ಟೆ ಉರಿಯುತ್ತೆ.

ಕೌಲ್‌ಬಜಾರಿನವ
ತೆಗೆದಿದ್ದೀನಿ. ನಂಬರ್ ಪ್ಲೇಟ್ ಕಾಣಿಸುತ್ತೆ, ಬೇರೆಯವರ ಕಾರು, ಕೇಳದೆ ಹಾಕೋದು ಬೇಡ ಅಂತ ಸುಮ್ನಿದ್ದೀನಿ.

ಸ್ಪ್ಯಾನರ್ 10-11
ಪದ್ಮಿನಿನೇ ಅಂತ ಹೇಗೆ ಗೊತ್ತಾಯಿತು? ನಮ್ಮೂರಲ್ಲಿ ಎಲ್ಲರೂ ಎಲ್ಲವನ್ನೂ ಪದ್ಮಿನಿ ಅಂತಾರೆ. 1964ರಲ್ಲಿ ಬಂದದ್ದು ಫಿಯಟ್ 1100 ಡಿಲೈಟ್. ಆಮೇಲೆ ಫಿಯಟ್ ಜೊತೆಗಿನ ಒಪ್ಪಂದ ಮುಗಿದು, ಸ್ವಲ್ಪ ದಿನ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಮಾರಿದರು. ಪದ್ಮಿನಿ ಅನ್ನೋ ಹೆಸರು ಬಂದದ್ದು 1974ರಲ್ಲಿ. ಒಳಗೆ ಎಲ್ಲಾ ಒಂದೇ, 1089 ಸಿಸಿ ಎಂಜಿನ್, ನಾಲ್ಕು ಗೇರು. ಬಾನೆಟ್ ಮೇಲೆ, ಡಿಕ್ಕಿ ಮೇಲೆ ಏನು ಬರೆದಿತ್ತು ನೋಡಿದಿರಾ?

ಕೌಲ್‌ಬಜಾರಿನವ
ಡಿಕ್ಕಿ ಮೇಲೆ ಓರೆಯಾಗಿ ಪದ್ಮಿನಿ ಅಂತಲೇ ಇತ್ತು ಗುರುಗಳೇ. ನಾನು ಅದರ ಹಿಂದೆ ಕೂತು ಹತ್ತು ನಿಮಿಷ ನೋಡಿದ್ದೀನಿ.

ಬಿಸಿಲು ನಾಡು
ನಮ್ಮ ತಾತನಿಗೆ ಎಲ್ಲಾನೂ ಪಿಯಟ್ಟೇ. ಮಾರುತಿ ಬಂದಾಗಲೂ "ಸಣ್ಣ ಪಿಯಟ್" ಅಂದಿದ್ರು.

ಹಳೇ ಡ್ರೈವರ್
ಎಲ್ಲರೂ ಪದ್ಮಿನಿ ಪದ್ಮಿನಿ ಅಂತ ಕುಣೀತಿದ್ದೀರಿ. ಕಾರು ಅಂದ್ರೆ ಅಂಬಾಸಿಡರ್. ನಾನು 22 ವರ್ಷ ಬಾಡಿಗೆ ಓಡಿಸಿದ್ದೀನಿ, ಬಳ್ಳಾರಿಯಿಂದ ಹುಲಿಗಿ, ಮಂತ್ರಾಲಯ, ತಿರುಪತಿ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗುವಾಗ ಒಂದೇ ಗಾಡಿಯಲ್ಲಿ ಹನ್ನೊಂದು ಜನ, ಡಿಕ್ಕಿಯಲ್ಲಿ ಅಡುಗೆ ಪಾತ್ರೆ, ಮೇಲೆ ಕ್ಯಾರಿಯರ್‌ನಲ್ಲಿ ಹಾಸಿಗೆ ಸುರುಳಿ. ನಿಮ್ಮ ಪದ್ಮಿನಿಗೆ ಇಷ್ಟು ಹಾಕಿದ್ರೆ ಮೂತಿ ಆಕಾಶ ನೋಡುತ್ತೆ.

ಸ್ಪ್ಯಾನರ್ 10-11
ಹನ್ನೊಂದು ಜನರನ್ನ ಹಾಕಿಕೊಂಡು ನೀವು ನಿಲ್ಲಿಸಬೇಕು ಅಂದ್ರೆ ಅರ್ಧ ಕಿಲೋಮೀಟರ್ ಮುಂಚೆ ಬ್ರೇಕ್ ಒತ್ತಬೇಕಿತ್ತು ಸರ್. ಪದ್ಮಿನಿ ಸ್ಟೇರಿಂಗ್ ಎರಡು ಬೆರಳಲ್ಲಿ ತಿರುಗುತ್ತಿತ್ತು. ಅಂಬಾಸಿಡರ್ ತಿರುಗಿಸೋಕೆ ಹೆಗಲು ಬೇಕು.

ಹಳೇ ಡ್ರೈವರ್
ಹೆಗಲು ಇತ್ತು, ತಿರುಗಿಸಿದ್ದೀವಿ.

ಮೋಕಾ ರೋಡ್
😂😂

ಸ್ಪ್ಯಾನರ್ 10-11
ಪೆಟ್ರೋಲ್ ಲೆಕ್ಕ ಹೇಳಿ ಮತ್ತೆ. ನಮ್ಮ ಮಾವನ ಅಂಬಾಸಿಡರ್ ಲೀಟರ್‌ಗೆ ಒಂಬತ್ತು ಕೊಟ್ಟರೆ ಅವತ್ತು ಮನೆಯಲ್ಲಿ ಪಾಯಸ.

ಹಳೇ ಡ್ರೈವರ್
ಅದಕ್ಕೇ ಡೀಸೆಲ್ ಬಂತು. ಮತ್ತೆ ಲೆಕ್ಕ ಕೇಳ್ತೀರಲ್ಲ, ನಿಮ್ಮ ಪದ್ಮಿನಿ 2001ಕ್ಕೆ ಕಣ್ಣು ಮುಚ್ಚಿತು. ಅಂಬಾಸಿಡರ್ 2014ರ ತನಕ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಜಾಸ್ತಿ ಮಾತಾಡಬೇಡಿ.

ಬೆಂಗಳೂರಲ್ಲಿ ಬಳ್ಳಾರಿ
ಕಾರ್ ಸ್ಟ್ರೀಟ್‌ನಲ್ಲಿ ಕಾರು! ನಾನು ಚಿಕ್ಕವನಿದ್ದಾಗ ಆ ರಸ್ತೆಗೆ ಕಾರು ರಿಪೇರಿ ಮಾಡ್ತಾರೆ ಅಂತ ಆ ಹೆಸರು ಬಂದಿದೆ ಅಂದುಕೊಂಡಿದ್ದೆ. ತೇರು ಎಳೆಯೋ ಬೀದಿ ಅಂತ ಗೊತ್ತಾದದ್ದು ಪಿಯುಸಿಗೆ ಬಂದ ಮೇಲೆ. ಮದ್ರಾಸಿನವರು ತೇರಿಗೆ ಕಾರ್ ಅಂತಿದ್ರು, ನಾವು 1953ರ ತನಕ ಅವರ ಜೊತೆಗೇ ಇದ್ದೆವಲ್ಲ, ಹೆಸರು ಉಳಿದುಬಿಡ್ತು.

ಬಿಸಿಲು ನಾಡು
ನಾನು ಇವತ್ತಿನ ತನಕ ರಿಪೇರಿ ಅಂತಲೇ ಅಂದುಕೊಂಡಿದ್ದೆ. 🙏

ಶಕ್ತಿನಗರದ ಹುಡುಗಿ
ನನ್ನದೂ ಒಂದು ಕಥೆ ಇದೆ, ಸ್ವಲ್ಪ ಉದ್ದ, ಬೇಜಾರಿದ್ರೆ ಬಿಟ್ಟು ಮುಂದೆ ಹೋಗಿ.

ನಮ್ಮಪ್ಪ ರಾಯಚೂರು ಥರ್ಮಲ್‌ನಲ್ಲಿ ಕೆಲಸಕ್ಕಿದ್ದರು. ಮೊದಲನೇ ಯೂನಿಟ್ 1985ರಲ್ಲಿ ಶುರುವಾಯಿತಲ್ಲ, ಆ ಕಾಲಕ್ಕೆ ಕಾಲೋನಿಗೆ ಬಂದವರು. ಪದ್ಮಿನಿ ತಗೊಂಡಿದ್ದು ಆಮೇಲೆ. ಅಪ್ಪನಿಗೆ ಶಿಫ್ಟ್, ಕಾರು ಶೆಡ್‌ನಲ್ಲಿ ಸುಮ್ನೆ ನಿಂತಿರುತ್ತಿತ್ತು. ಅಮ್ಮ ಒಂದು ದಿನ "ನಾನೇ ಕಲಿತೀನಿ" ಅಂದರು. ಕಲಿಸೋಕೆ ಯಾರೂ ಇಲ್ಲ. ಪಕ್ಕದ ಕ್ವಾರ್ಟರ್ಸ್ ಅಂಕಲ್ ಒಂದು ರಟ್ಟಿನ ಮೇಲೆ ಗೇರು ಬರೆದುಕೊಟ್ಟರು: ತನ್ನ ಕಡೆ ಎಳೆದು ಮೇಲೆ ಮಾಡಿದರೆ ಒಂದು, ಕೆಳಗೆ ಮಾಡಿದರೆ ಎರಡು, ಹೀಗೆ. ಅಮ್ಮ ಮೂರು ದಿನ ಅಡುಗೆ ಮಾಡುತ್ತಾ ಸೌಟು ಹಿಡಿದು ಆ ಗೇರು ಹಾಕುತ್ತಿದ್ದರು. ನಾವು ಪಕ್ಕದಲ್ಲಿ ನಿಂತು ಡುರ್ರ್ ಅಂತ ಸದ್ದು ಮಾಡಬೇಕು.

ನಾಲ್ಕನೇ ದಿನ ಸಂಜೆ ಕಾಲೋನಿ ಮೈದಾನದಲ್ಲಿ ತೆಗೆದರು. ಒಂದನೇ ಗೇರು ಹಾಕುವಾಗ ಕಟಕಟ ಅಂತ ಒಂದು ಸದ್ದು, ಹಲ್ಲು ಕಡಿದ ಹಾಗೆ. ಆಮೇಲೆ ಸೀದಾ ಹೋದರು. ಸೀದಾ ಅಂದ್ರೆ ಸೀದಾ, ತಿರುಗಿಸೋದು ರಟ್ಟಿನ ಮೇಲೆ ಇರಲಿಲ್ಲವಲ್ಲ. ಜಾಲಿ ಗಿಡಗಳೊಳಗೆ ನಿಂತಿತು. ಕೆನ್ನೆಗೆ ಮುಳ್ಳು ಗೀರಿದೆ, ಇಳಿದು ಬಂದು ಮೊದಲು ಕೇಳಿದ್ದು "ಬಣ್ಣ ಹೋಯಿತಾ ನೋಡು" ಅಂತ. ಇವತ್ತು ಅಮ್ಮನಿಗೆ 70. ಆಟೋಮ್ಯಾಟಿಕ್ ಗಾಡಿ ಕೊಡಿಸಿದ್ದೀವಿ. ಎಡಗೈ ಆಗಾಗ ಸ್ಟೇರಿಂಗ್ ಪಕ್ಕಕ್ಕೆ ಹೋಗುತ್ತೆ, ಅಲ್ಲಿ ಸಿಗೋದು ವೈಪರ್ ಕಡ್ಡಿ. ಮಳೆ ಇಲ್ಲದ ರಾಯಚೂರಲ್ಲಿ ನಮ್ಮ ಗಾಡಿ ವೈಪರ್ ಮಾತ್ರ ಓಡುತ್ತಿರುತ್ತೆ.

ಕೊಪ್ಪಳದ ಕಾಕಾ
ಸೌಟಿನ ಗೇರು! ಯವ್ವಾ, ನಕ್ಕು ನಕ್ಕು ಸಾಕಾಯ್ತು. ನಿಮ್ಮ ಅವ್ವಾರಿಗೆ ನನ್ನ ನಮಸ್ಕಾರ ಹೇಳ್ರಿ.

ಸ್ಪ್ಯಾನರ್ 10-11
ಆ ಕಟಕಟ ಅಮ್ಮನ ತಪ್ಪಲ್ಲ ಅಕ್ಕ. ಒಂದನೇ ಗೇರಿಗೆ ಸಿಂಕ್ರೋ, ಅಂದ್ರೆ ಗೇರಿನ ಹಲ್ಲುಗಳ ವೇಗ ಹೊಂದಿಸೋ ಭಾಗ, ಇರಲಿಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು.

ಕೌಲ್‌ಬಜಾರಿನವ
ಅಕ್ಕ ಬರೆದದ್ದು ಓದಿ ನನಗೂ ಒಂದು ನೆನಪಾಯಿತು. ಬೇಸಿಗೆ ರಜೆ. ಹೊಸಪೇಟೆಗೆ ಹೊರಟಿದ್ದೆವು. ಕುಡಿತಿನಿ ದಾಟಿದ ಮೇಲೆ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಅಪ್ಪ ಬಾನೆಟ್ ಎತ್ತಿ, ಟವೆಲ್ ನೀರಲ್ಲಿ ಅದ್ದಿ ಎಂಜಿನ್ ಪಕ್ಕದ ಯಾವುದಕ್ಕೋ ಸುತ್ತಿದರು. ಬುಸ್ ಅಂತ ಹಬೆ. ಅಮ್ಮ ಒಂದು ಜಾಲಿ ಗಿಡದ ಕೆಳಗೆ ಚಾದರ ಹಾಸಿ ಮಂಡಕ್ಕಿ ಡಬ್ಬಿ ಬಿಚ್ಚಿದರು. ನಾನು, ನಮ್ಮಕ್ಕ ಹೋಗುವ ಲಾರಿ ಲೆಕ್ಕ ಹಾಕಿದೆವು. ಎರಡು ಗಂಟೆ ಕೂತಿರಬೇಕು. ನನ್ನ ಲೆಕ್ಕದಲ್ಲಿ ನಮ್ಮ ಮನೆಯವರೆಲ್ಲ ಹೋದ ಒಳ್ಳೇ ಪಿಕ್ನಿಕ್ ಅದೇ. ಟಿಬಿ (ತುಂಗಭದ್ರಾ) ಡ್ಯಾಮ್ ನೋಡಿದ್ದು ನೆನಪಿಲ್ಲ, ಆ ಜಾಲಿ ಗಿಡ ನೆನಪಿದೆ.

ಸ್ಪ್ಯಾನರ್ 10-11
ಅದು ಪೆಟ್ರೋಲ್ ಪಂಪು. ಎಂಜಿನ್ ಪಕ್ಕಕ್ಕೇ ಕೂತಿರುತ್ತೆ, ಎಂಜಿನ್ ಬಲದಲ್ಲೇ ಓಡುತ್ತೆ. ನಮ್ಮೂರ 42 ಡಿಗ್ರಿ ಬಿಸಿಲು, ಮೇಲೆ ಎಂಜಿನ್ ಕಾವು. ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತೆ. ಪಂಪು ಆವಿ ಎಳೆಯೋಕೆ ಆಗಲ್ಲ, ದ್ರವ ಮಾತ್ರ ಎಳೆಯುತ್ತೆ. ಅದಕ್ಕೇ ಒದ್ದೆ ಬಟ್ಟೆ. ತಣ್ಣಗಾದ್ರೆ ಆವಿ ಮತ್ತೆ ಪೆಟ್ರೋಲ್ ಆಗಿ ಗಾಡಿ ಹೊರಡುತ್ತೆ. ವೇಪರ್ ಲಾಕ್ ಅಂತಾರೆ.

ಹಳೇ ಡ್ರೈವರ್
ಇದೊಂದು ಮಾತು ನಿಜ. ನಮ್ಮ ಅಂಬಾಸಿಡರ್‌ಗೂ ಇದೇ ಗೋಳು. ಏಪ್ರಿಲ್ ಬಂದರೆ ಸೀಟಿನ ಕೆಳಗೆ ಗೋಣಿ ಚೀಲ, ಒಂದು ಕ್ಯಾನ್ ನೀರು ಇಲ್ಲದೆ ನಾನು ಊರು ದಾಟುತ್ತಿರಲಿಲ್ಲ. ಕುಡಿಯೋ ನೀರು ಬೇರೆ, ಪಂಪಿನ ನೀರು ಬೇರೆ. ಪಾರ್ಟಿ ಒಮ್ಮೊಮ್ಮೆ ಪಂಪಿನ ನೀರೇ ಕುಡಿದುಬಿಡುತ್ತಿದ್ದರು.

ಗಂಗಾವತಿ ಸೋನಾ
ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ಹಾಕಿದ್ರೆ ಈ ಹಳೇ ಗಾಡಿಗಳ ಗತಿ ಏನು?

ಸ್ಪ್ಯಾನರ್ 10-11
ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ಪ್ಯಾಕಿಂಗ್ ಎಲ್ಲಾ ಮೆತ್ತಗಾಗಿ ಬಿರುಕು ಬಿಡುತ್ತವೆ. ಆ ಕಾಲದ ರಬ್ಬರು ಇದಕ್ಕೆ ಮಾಡಿದ್ದಲ್ಲ. ಎಥನಾಲ್ ನೀರು ಬೇರೆ ಹೀರುತ್ತೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕ್ ತಳಕ್ಕೆ ನೀರು ಕೂರುತ್ತೆ. ಪೈಪು ಹೊಸ ತರಹದ್ದು ಹಾಕಿಸಿಕೊಳ್ಳಬೇಕು, ಟ್ಯಾಂಕ್‌ನಲ್ಲಿ ಹಳೇ ಪೆಟ್ರೋಲ್ ಬಿಡಬಾರದು.

ಗಂಗಾವತಿ ಸೋನಾ
ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಹೇಗೆ ಇಟ್ಟುಕೊಂಡಿದ್ದಾರೆ ಅಂತ. ನನ್ನ ಪ್ರಕಾರ ಬಳ್ಳಾರಿನೇ ಕಾಪಾಡಿದೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ತಗಡಿಗೆ ತುಕ್ಕು ಹಿಡಿಯೋಕೆ ತೇವ ಬೇಕಲ್ಲ?

ಮದುವೆಯಾಗಿ ಮಂಗಳೂರಿಗೆ
ಇದು ನೂರಕ್ಕೆ ನೂರು ನಿಜ. ನಮ್ಮ ಮಾವನವರ ಪದ್ಮಿನಿ ಇಲ್ಲಿ ಶೆಡ್‌ನಲ್ಲೇ ಇತ್ತು. ಒಂದು ಜುಲೈ ತಿಂಗಳು ಬಾಗಿಲು ತೆಗೆದು ಕಾಲಿಟ್ಟೆ, ಕಾಲು ನೆಲಕ್ಕೆ ತಾಗಿತು. ಕಾರಿನ ನೆಲ ಅಲ್ಲ, ಶೆಡ್ಡಿನ ನೆಲ. ತುಕ್ಕು ತಿಂದು ಮ್ಯಾಟ್ ಒಂದೇ ಉಳಿದಿತ್ತು.

ಸ್ಪ್ಯಾನರ್ 10-11
ಒಪ್ಪಿದೆ, ಆದ್ರೆ ಅರ್ಧ. ಬಿಸಿಲು ತಗಡನ್ನ ಬಿಡುತ್ತೆ, ಬೇರೆ ಎಲ್ಲಾ ತಿನ್ನುತ್ತೆ. ಬಾಗಿಲ ಅಂಚಿನ ರಬ್ಬರ್ ಬೀಡಿಂಗ್, ಡ್ಯಾಶ್‌ಬೋರ್ಡ್, ಸೀಟು, ಒಂದೂ ಉಳಿಯಲ್ಲ. ಅದಕ್ಕೇ ನನಗೆ ಅನುಮಾನ. ಬಂಪರ್‌ನಲ್ಲಿ ಬಾಣಲೆ ಕಾಣಿಸುತ್ತಿತ್ತು ಅಂದ್ರೆ ಅದು ಹೊಸ ಕ್ರೋಮ್. ಕಾಪಾಡಿದ್ದಲ್ಲ, ಮಾಡಿಸಿದ್ದು. ಎರಡಕ್ಕೂ ವ್ಯತ್ಯಾಸ ಇದೆ. ಬಾಗಿಲು ತೆಗೆದು ಬೀಡಿಂಗ್ ಎಳೆದು ಅದರ ಕೆಳಗಿನ ಬಣ್ಣ ನೋಡಿದ್ರೆ ಗೊತ್ತಾಗುತ್ತೆ, ಪೇಂಟರ್‌ಗಳು ಅಲ್ಲಿಗೆ ಕೈ ಹಾಕಲ್ಲ.

ಕೌಲ್‌ಬಜಾರಿನವ
ಬೇರೆಯವರ ಕಾರಿನ ಬೀಡಿಂಗ್ ಕೀಳೋಕೆ ಹೋಗಿ ಒದೆ ತಿನ್ನಲಾ ಅಣ್ಣ?

ಅರ್ಜೆಂಟ್ ಪಾರ್ಟಿ
ಓನರ್ ಗೊತ್ತಾದ್ರೆ ಹೇಳಿ. ಕ್ಯಾಶ್ ರೆಡಿ ಇದೆ. ಹೋಟೆಲ್ ಮುಂದೆ ಶೋಗೆ ಇಡೋಣ ಅಂತ.

ಮೋಕಾ ರೋಡ್
ಬಿಸಿಲಲ್ಲಿ ನಿಲ್ಲಿಸಿ ಸೆಲ್ಫಿ ತೆಗೆಸೋಕಾ? ಬೇಡ ಸ್ವಾಮಿ.

ಬಿಸಿಲು ನಾಡು
15 ವರ್ಷ ಆದ ಗಾಡಿ ಗುಜರಿಗೆ ಹಾಕಲೇಬೇಕಲ್ವಾ ಈಗ? ರಸ್ತೆಗೆ ತಂದದ್ದೇ ತಪ್ಪು.

ಆರ್‌ಸಿ ಬುಕ್ಕು
ತಪ್ಪು ತಿಳಿವಳಿಕೆ. ಅದು ದೆಹಲಿ ಸುತ್ತಮುತ್ತಲಿನ ಕಥೆ. ನಮ್ಮಲ್ಲಿ 15 ವರ್ಷ ಆದ ಮೇಲೆ ಗಾಡಿ ತೋರಿಸಿ, ಫಿಟ್‌ನೆಸ್ ಪಾಸಾದರೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬಹುದು. ದುಡ್ಡು ಮಾತ್ರ ಜಾಸ್ತಿ. ಮುಂಚೆ ಕಾರಿಗೆ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 5,000 ಆಯಿತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಮತ್ತೆ ಏರಿತು.

ಬೆಂಗಳೂರಲ್ಲಿ ಬಳ್ಳಾರಿ
ವಿಂಟೇಜ್ ಅಂತ ಮಾಡಿಸಿಕೊಂಡರೆ ಅದೆಲ್ಲ ಇಲ್ಲವಲ್ಲ?

ಆರ್‌ಸಿ ಬುಕ್ಕು
ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. 2021ರ ನಿಯಮ. ಫೀಸು 20,000, ನಂಬರ್‌ನಲ್ಲಿ ವಿಎ ಅಂತ ಬರುತ್ತೆ. ಆದ್ರೆ ಆಮೇಲೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬೇಕು. ಮಿರ್ಚಿ ತಿನ್ನೋಕೆ ತರೋದು ಆ ಪಟ್ಟಿಯಲ್ಲಿಲ್ಲ.

ಕೊಪ್ಪಳದ ಕಾಕಾ
ಮಿರ್ಚಿ ಪ್ರದರ್ಶನ ಅಂತ ಬರಸ್ರಿ.

ಇತಿಹಾಸ ಮೇಷ್ಟ್ರು
ಎಲ್ಲರಿಗೂ ಒಂದು ವಿಷಯ. ಪ್ರೀಮಿಯರ್ ಕಂಪನಿ ಶುರು ಮಾಡಿದ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆಗೆದದ್ದು. ಇವತ್ತಿನ ಎಚ್‌ಎಎಲ್. ಕಾರಿಗಿಂತ ಮೊದಲು ವಿಮಾನ!

ಹಳೇ ಡ್ರೈವರ್
ಅದಕ್ಕೇ ಪದ್ಮಿನಿಗೆ ಹಿಂದೆ ಸಣ್ಣ ರೆಕ್ಕೆ ಇದ್ದವು. ಹಾರಲಿಲ್ಲ ಅಷ್ಟೇ.

ಸಿಂಧನೂರು ಎಕ್ಸ್‌ಪ್ರೆಸ್
ಹಳೇ ಕಾರು ಆಸೆ ಪಡೋರಿಗೆ ನನ್ನ ಅನುಭವ. ಮೂರು ವರ್ಷದ ಹಿಂದೆ ಒಂದು ಪದ್ಮಿನಿ ತಗೊಂಡೆ, ಕಡಿಮೆ ರೇಟು. ಒಂದು ಗ್ಯಾರೇಜಿಗೆ ಕೊಟ್ಟೆ, ಎರಡು ತಿಂಗಳು ಅಂದರು. ಹದಿನೆಂಟು ತಿಂಗಳಾಯಿತು. ನಡುವೆ ಹೋಗಿ ನೋಡಿದರೆ ನನ್ನ ಕಾರ್ಬುರೇಟರ್ ಬೇರೆ ಕಾರಿನ ಮೇಲೆ ಕೂತಿದೆ. ಕೇಳಿದ್ರೆ "ಟೆಸ್ಟಿಂಗ್‌ಗೆ ಹಾಕಿದ್ದೀವಿ" ಅಂದರು. ಗಾಡಿ ಬಿಟ್ಟು ಬರುವ ಮುಂಚೆ ಒಂದೊಂದು ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ. ಈಗ ಭತ್ತದ ಗೋದಾಮಿನಲ್ಲಿ ಇಟ್ಟಿಗೆ ಮೇಲೆ ನಿಂತಿದೆ, ಇಲಿಗಳು ಸಂಸಾರ ಹೂಡಿವೆ.

ಬೆಂಗಳೂರಲ್ಲಿ ಬಳ್ಳಾರಿ
ಸಾಮಾನು ಬೇಕಿದ್ರೆ ಜೆಸಿ ರೋಡಿಗೆ ಬನ್ನಿ ಅಣ್ಣ. ಹಳೇ ಅಂಗಡಿಗಳಲ್ಲಿ ಕೇಳಿದ್ರೆ ಅಟ್ಟದ ಮೇಲಿಂದ ತೆಗೆದುಕೊಡುವವರು ಇನ್ನೂ ಇದ್ದಾರೆ.

ಬೇವಿನ ನೆರಳು (ಸೋಮವಾರ, ರಾತ್ರಿ 9:15)
ನನ್ನ ಸೊಸೆ ಇದನ್ನು ತೋರಿಸಿದಳು. ನಾನು ಹೀಗೆಲ್ಲ ಬರೆದು ರೂಢಿ ಇಲ್ಲ, ತಪ್ಪಿದ್ದರೆ ಕ್ಷಮಿಸಿ.

ಕಾರು ನನ್ನದು. 1983ರ ಮಾಡೆಲ್. ನಮ್ಮ ಯಜಮಾನರು ಬುಕ್ ಮಾಡಿ, ಕಾದು ಕಾದು ತಂದದ್ದು. ಅವರು ಹೋಗಿ ಹನ್ನೆರಡು ವರ್ಷವಾಯಿತು. ಈಗ ನಾನೇ ಓಡಿಸುತ್ತೇನೆ. ಭಾನುವಾರ ಬೆಳಗ್ಗೆ ಆರೂವರೆಗೆ ತೆಗೆದು ಕನಕದುರ್ಗಮ್ಮನ ಗುಡಿ, ಆಮೇಲೆ ಮಿರ್ಚಿ, ಎಂಟಕ್ಕೆ ಮನೆ. ಅದಕ್ಕಿಂತ ಹೆಚ್ಚು ಬಿಸಿಲಿಗೆ ಬಿಡುವುದಿಲ್ಲ. ಸ್ಪ್ಯಾನರ್ ಅವರು ಹೇಳಿದ್ದು ಸರಿ, 2009ರಲ್ಲಿ ಒಮ್ಮೆ ಬಣ್ಣ ಹೊಡೆಸಿದ್ದೇವೆ, ಬಂಪರ್‌ಗೂ ಕ್ರೋಮ್ ಹಾಕಿಸಿದ್ದೇವೆ. ಸೀಟಿನ ರೆಕ್ಸಿನ್ ಹಳೆಯದೇ. ಅದರ ಮೇಲೆ ಹಳೇ ಸೀರೆಯ ಕವರು ಹೊಲಿಸಿದ್ದೇನೆ, ಹಾಗಾಗಿ ಉಳಿದಿದೆ. ವಾರವಿಡೀ ಬ್ಯಾಟರಿ ವೈರು ಬಿಚ್ಚಿಟ್ಟಿರುತ್ತೇನೆ. ಮಾರುವುದಿಲ್ಲ, ಹೋಟೆಲಿನವರು ಬೇಜಾರು ಮಾಡಿಕೊಳ್ಳಬೇಡಿ.

ಕೌಲ್‌ಬಜಾರಿನ ತಮ್ಮ ಹೊರಗೆ ನಿಂತದ್ದು ನೋಡಿದೆ. ನಾನು ಒಳಗೆ ಮಿರ್ಚಿ ತಿನ್ನುತ್ತಿದ್ದೆ. ಡಿಕ್ಕಿ ಹಿಂದೆ ಕೂತು ನೋಡುತ್ತಿದ್ದರಲ್ಲ, ಯಾರೋ ಫೈನಾನ್ಸ್‌ನವರು ಇರಬೇಕು ಅಂತ ಹೊರಗೆ ಬರಲಿಲ್ಲ.

ಮೋಕಾ ರೋಡ್
ಫೈನಾನ್ಸ್‌ನವರು 😂😂😂

ಶಕ್ತಿನಗರದ ಹುಡುಗಿ
ಅಮ್ಮ! ನೀವೇ ಓಡಿಸ್ತೀರಾ! ಇದನ್ನ ನಮ್ಮಮ್ಮನಿಗೆ ಈಗಲೇ ಓದಿ ಹೇಳ್ತೀನಿ.

ಹಳೇ ಡ್ರೈವರ್
ನಮಸ್ಕಾರ ತಾಯಿ. ಪದ್ಮಿನಿ ಬಗ್ಗೆ ಆಡಿದ್ದೆಲ್ಲ ವಾಪಸ್ ತಗೊಂಡೆ. ಬ್ರೇಕ್ ವಿಷಯ ಒಂದು ಬಿಟ್ಟು.

ಸ್ಪ್ಯಾನರ್ 10-11
ಬ್ರೇಕ್ ವಿಷಯ ಎತ್ತಿದ್ದು ನಾನು, ಅದೂ ಅಂಬಾಸಿಡರ್‌ದು.

ಕೌಲ್‌ಬಜಾರಿನವ
ಅಮ್ಮ, ಮುಂದಿನ ಭಾನುವಾರ ನಮ್ಮಪ್ಪನನ್ನು ಕರೆದುಕೊಂಡು ಬರಲಾ? 78 ವರ್ಷ. ಸುಮ್ನೆ ಒಂದು ಸಲ ಕೂರಿಸಿದರೆ ಸಾಕು.

ಬೇವಿನ ನೆರಳು
ಏಳು ಗಂಟೆಗೆ ಬನ್ನಿ. ತಿಂಡಿ ತಿನ್ನದೆ ಬನ್ನಿ.

ಬಿಸಿಲು ನಾಡು (ಭಾನುವಾರ, ಬೆಳಗ್ಗೆ 10:05)
ಏನಾಯ್ತು? ಏನಾಯ್ತು?

ಕೌಲ್‌ಬಜಾರಿನವ (ಭಾನುವಾರ, ಮಧ್ಯಾಹ್ನ 3:30)
ಹೋಗಿ ಬಂದೆವು. ನಾನು ಅಂದುಕೊಂಡ ಹಾಗೆ ಆಗಲಿಲ್ಲ.

ಅಪ್ಪ ಕಾರು ನೋಡಿ ಕಣ್ಣೀರು ಹಾಕುತ್ತಾರೆ ಅಂತ ನಾನು ಫೋನ್ ರೆಡಿ ಇಟ್ಟುಕೊಂಡಿದ್ದೆ. ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಮುಂದಿನ ಚಕ್ರ ನೋಡಿ, "ಗ್ರೀಸ್ ಯಾವಾಗ ಹೊಡೆಸಿದ್ದು?" ಅಂದರು. ಅಮ್ಮನವರು ಸ್ಟಾರ್ಟ್ ಮಾಡಿದರು. ಚೋಕ್ ಎಳೆದು, ಒಂದೇ ಸೆಲ್ಫ್‌ಗೆ. ನನಗೆ ಆ ಸದ್ದಿಗೆ ಮೈ ಜುಂ ಅಂತು. ಅಪ್ಪ ತಲೆ ಓರೆ ಮಾಡಿ ಕೇಳಿ, "ಟ್ಯಾಪೆಟ್ ಸದ್ದು ಬರ್ತಿದೆ" ಅಂದರು. ಟ್ಯಾಪೆಟ್ ಅಂದರೆ ಎಂಜಿನ್ ವಾಲ್ವ್ ಒತ್ತುವ ಭಾಗ. ಕೂತ್ಕೋ ಅಪ್ಪ ಅಂದರೆ ಬೇಡ ಅಂದರು. ನಾನು ಕೂತೆ. ತ್ರಿಕೋನದ ಗಾಜು ತಿರುಗಿಸಿದೆ. ಅದೇ ವಾಸನೆ, ಬಿಸಿ ರೆಕ್ಸಿನ್, ಪೆಟ್ರೋಲ್, ಸ್ವಲ್ಪ ಊದಿನಕಡ್ಡಿ.

ವಾಪಸ್ ಬರುವಾಗ ಸ್ಕೂಟರ್ ಮೇಲೆ ನಾನು ಆ ಕುಡಿತಿನಿ ಪಿಕ್ನಿಕ್ ವಿಷಯ ಎತ್ತಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅವತ್ತು ಹೊಸಪೇಟೆಗೆ ಹೋದದ್ದು ಡ್ಯಾಮ್ ನೋಡೋಕೆ ಅಲ್ಲವಂತೆ. ಹತ್ತಿ ವ್ಯಾಪಾರದಲ್ಲಿ ಒಬ್ಬರ ಹತ್ತಿರ ಸಾಲ ತಂದಿದ್ದರು. ಮಧ್ಯಾಹ್ನ ಹನ್ನೆರಡರೊಳಗೆ ತಂದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರು. ದುಡ್ಡು ಅಮ್ಮನ ಮಂಡಕ್ಕಿ ಡಬ್ಬಿ ಇದ್ದ ಚೀಲದಲ್ಲೇ ಇತ್ತು. ಹೋಗಿ ಮುಟ್ಟಿದಾಗ ಎರಡೂವರೆ. ಕಾರು ಕೆಟ್ಟಿತು ಅಂದರೆ ಆ ಮನುಷ್ಯ ನಂಬಲಿಲ್ಲ. "ಕಾರಲ್ಲಿ ಹೆಂಡತಿ ಮಕ್ಕಳನ್ನ ತಿರುಗಿಸೋಕೆ ಟೈಮ್ ಇದೆ, ಸಾಲ ತೀರಿಸೋಕೆ ಇಲ್ಲ" ಅಂತ ನಾಲ್ಕು ಜನರ ಮುಂದೆ ಅಂದನಂತೆ. ನಾವು ಆಗ ಹೊರಗೆ ಕಾರಲ್ಲಿ ಕೂತು ಹಾರ್ನ್ ಹೊಡೀತಿದ್ದೆವಂತೆ, ಡ್ಯಾಮಿಗೆ ಲೇಟಾಗುತ್ತೆ ಅಂತ.

"ಆ ಕಾರು ನನಗೆ ಯಾವತ್ತೂ ಇಷ್ಟ ಇರಲಿಲ್ಲ ಕಣೋ" ಅಂದರು. "ಮಾರಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು."

ಶಕ್ತಿನಗರದ ಹುಡುಗಿ
ಅಯ್ಯೋ.

ಕೊಪ್ಪಳದ ಕಾಕಾ
ನಮ್ಮಪ್ಪಂದೂ ಎತ್ತಿನ ಗಾಡಿ ವಿಷಯದಾಗ ಹಿಂಗೇ ಇತ್ತು. ನನಗ ಜಾತ್ರಿ ನೆನಪು, ಅವರಿಗೆ ಎತ್ತಿನ ಸಾಲದ ನೆನಪು.

ಸಿಂಧನೂರು ಎಕ್ಸ್‌ಪ್ರೆಸ್
ಇದನ್ನ ಓದಿ ಗೋದಾಮಿಗೆ ಹೋಗಿ ನನ್ನ ಪದ್ಮಿನಿ ನೋಡಿ ಬಂದೆ. ಮಗನಿಗೆ ಅದರೊಳಗಿನ ಇಲಿಮರಿಗಳೇ ಖುಷಿ.

ಹಳೇ ಡ್ರೈವರ್
ನಿಮ್ಮ ಅಪ್ಪಾಜಿ ಗಾಡಿ ಮಾಡಿಕೊಂಡು ಬಾಳಿದವರು. ನಾವೆಲ್ಲ ಹಿಂದೆ ಕೂತವರ ಕಥೆ ಓದ್ತಾ ಇದ್ದೀವಿ, ಸ್ಟೇರಿಂಗ್ ಹಿಡಿದವರ ಕಥೆ ಬೇರೆ ಇರುತ್ತೆ. ನಾನು ಬಾಡಿಗೆ ಓಡಿಸುವಾಗ ನನ್ನ ಮಗ "ನಮ್ಮಪ್ಪ ದಿನಾ ಊರು ಸುತ್ತುತಾರೆ" ಅಂತ ಶಾಲೆಯಲ್ಲಿ ಹೇಳುತ್ತಿದ್ದ.

ಬೇವಿನ ನೆರಳು (ಭಾನುವಾರ, ರಾತ್ರಿ 8:40)
ತಮ್ಮ, ನಿಮ್ಮ ತಂದೆ ಹೇಳಿದ ಮೇಲೆ ನನಗೂ ಆ ಟ್ಯಾಪೆಟ್ ಸದ್ದು ಕೇಳಿಸುತ್ತಿದೆ. ಇಷ್ಟು ದಿನ ಕೇಳಿಸಿರಲಿಲ್ಲ. ಇಲ್ಲಿ ಈಗಿನ ಹುಡುಗರು ಕಂಪ್ಯೂಟರ್ ಹಚ್ಚಲು ಜಾಗ ಹುಡುಕುತ್ತಾರೆ. ಬೈದರೂ ಸರಿ, ಅವರು ಒಂದು ಸಲ ಬಂದು ನೋಡುತ್ತಾರಾ ಕೇಳಿ. ಕಾರು ಇಷ್ಟವಿಲ್ಲ ಅಂದರೆ ಒತ್ತಾಯವಿಲ್ಲ.

ಸ್ಪ್ಯಾನರ್ 10-11
ಅಮ್ಮ, ನಾನು ಬಂದು ಮಾಡಿಕೊಡ್ತೀನಿ, ದುಡ್ಡು ಬೇಡ.

ಕೌಲ್‌ಬಜಾರಿನವ (ಸೋಮವಾರ, ಬೆಳಗ್ಗೆ 7:20)
ಸ್ಪ್ಯಾನರ್ ಅಣ್ಣ, ನೀವು ಸ್ವಲ್ಪ ತಡೀರಿ. ರಾತ್ರಿ ಅಪ್ಪನಿಗೆ ಇದನ್ನ ಓದಿ ಹೇಳಿದೆ. "ಬೇರೆ ಕೆಲಸ ಇಲ್ವಾ ನನಗೆ" ಅಂತ ಬೈದು ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಅಟ್ಟದ ಏಣಿ ಕೆಳಗಿದೆ. ಊಟದ ಟೇಬಲ್ ಮೇಲೆ ಹಳೇ ಹಾರ್ಲಿಕ್ಸ್ ಬಾಟಲಿ, ಅದರೊಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಫೀಲರ್ ಗೇಜ್, ಟ್ಯಾಪೆಟ್ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು. ಒಂದು ಎಲೆಗೂ ತುಕ್ಕು ಹಿಡಿದಿಲ್ಲ. ಭಾನುವಾರ ಎಂಜಿನ್ ತಣ್ಣಗಿರುವಾಗಲೇ ಬರಬೇಕಂತೆ, ಆರು ಗಂಟೆಗೆ, ಗುಡಿಗೆ ಹೋಗುವ ಮುಂಚೆ.